ಫರ್ಸಿಯ ಬಳಿ ತುಂಡಾದ ಗೆರೆ

ಯಾರಾದರೂ ಇಂಥ ಸಂಗತಿ ಹೇಳಲು ಶುರು ಮಾಡಿದರೆ ನಾನು ಎದ್ದು ಹೋಗಿ ಚಹಾಕ್ಕಿಡುತ್ತಿದ್ದೆ. ನಂಬಿಕೆ ಇರಲಿಲ್ಲ ಅನ್ನುವುದಕ್ಕಿಂತ ಕೇಳುವ ತಾಳ್ಮೆ ಇರಲಿಲ್ಲ. ನಾನು ಓದಿದ್ದು ಭೂಗೋಳ, ಮಾಡುವುದು ನಕ್ಷೆಯ ಕೆಲಸ. ನಕ್ಷೆಯಲ್ಲಿ ತಪ್ಪು ಕಂಡರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂಬ ಭರವಸೆಯ ಮೇಲೆಯೇ ನನ್ನ ಸಂಬಳ ನಿಂತಿದೆ. ಈಗ ಹೇಳಹೊರಟಿರುವುದಕ್ಕೆ ನನಗೆ ಇನ್ನೂ ಕಾರಣ ಸಿಕ್ಕಿಲ್ಲ. ಸಿಕ್ಕಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ.

ನಾಶಿಕದ ಒಂದು ಸಣ್ಣ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಆ ವರ್ಷ ನಮಗೆ ಬಂದದ್ದು ಅಂಬುಲೆನ್ಸ್‌ಗಳಿಗಾಗಿ ನಕ್ಷೆ ಮಾಡುವ ಕೆಲಸ. ತಾಲ್ಲೂಕು ಆಸ್ಪತ್ರೆಯಿಂದ ಹೊರಟ ಗಾಡಿ ಅರ್ಧ ಗಂಟೆಯಲ್ಲಿ ಯಾವ ಯಾವ ಊರು ಮುಟ್ಟುತ್ತದೆ, ಒಂದು ಗಂಟೆಯಲ್ಲಿ ಯಾವುದು ಎಂದು ಬಣ್ಣ ತುಂಬಬೇಕು. ಬೇಗ ಮುಟ್ಟುವ ಊರು ಹಸಿರು, ತಡವಾಗುವ ಊರು ಹಳದಿ, ಮುಟ್ಟಲಾಗದ್ದು ಕೆಂಪು. ಕಂಪ್ಯೂಟರಿಗೆ ರಸ್ತೆ ಅಂದರೆ ಏನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಗೆರೆ ಮಾತ್ರ. ಒಂದು ಗೆರೆಯ ಕೊನೆಗೆ ಇನ್ನೊಂದು ಗೆರೆಯ ತುದಿ ತಾಗಿದ್ದರೆ ಮುಂದೆ ಹೋಗುತ್ತದೆ. ನಡುವೆ ಗೇಣು ಜಾಗ ಬಿಟ್ಟುಹೋಗಿದ್ದರೂ ರಸ್ತೆ ಅಲ್ಲಿಗೆ ಮುಗಿಯಿತು ಎಂದುಕೊಂಡು ನಿಂತುಬಿಡುತ್ತದೆ. ಇಂಥ ಬಿರುಕುಗಳನ್ನು ಹುಡುಕಿ ಕೂಡಿಸುವುದೇ ನನ್ನ ಪಾಲಿನ ಕೆಲಸ.

ಸಂಭಾಜಿನಗರ ಜಿಲ್ಲೆಯ ಪಶ್ಚಿಮಕ್ಕೆ, ವೈಜಾಪುರದ ಆಚೆ, ಹಳ್ಳದ ಆ ದಡದಲ್ಲಿ ಒಂದು ಊರು. ಹೆಸರು ಬೇಡ. ಸುತ್ತಲಿನ ಊರುಗಳೆಲ್ಲ ಹಸಿರಾಗಿದ್ದವು, ಇದೊಂದೇ ಕೆಂಪಗೆ ಉಳಿದಿತ್ತು. ಹಿಗ್ಗಿಸಿ ನೋಡಿದೆ. ಹಳ್ಳದ ಹತ್ತಿರ ಎರಡು ಗೆರೆಗಳು ತಾಗಿರಲಿಲ್ಲ. ಬೇಸಿಗೆಯಲ್ಲಿ ರಸ್ತೆಗಳನ್ನು ನೋಡಿ ಬರೆದುಕೊಳ್ಳಲು ಅಲ್ಲಿಗೆ ಹೋಗಿಬಂದ ನಮ್ಮ ಕಚೇರಿಯ ಹುಡುಗಿ ಕೆಲಸ ಬಿಟ್ಟಾಗಿತ್ತು. ಅವಳ ಟಿಪ್ಪಣಿಯಲ್ಲಿ ಆ ತುಣುಕಿನ ಎದುರು ಮರಾಠಿಯಲ್ಲಿ ಒಂದೇ ಪದವಿತ್ತು: ಫರಶೀ.

ನನ್ನ ತವರು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆ. ನಮ್ಮಲ್ಲಿ ಫರ್ಸಿ ಅಂದರೆ ನೆಲಕ್ಕೆ ಹಾಸುವ ಕಲ್ಲು. ನಾನು ಅಂಬೆಗಾಲಿಟ್ಟದ್ದು ಅದರ ಮೇಲೆ, ಮಧ್ಯಾಹ್ನ ಅವ್ವನ ಪಕ್ಕ ಕೆನ್ನೆ ಒತ್ತಿ ಮಲಗಿದ್ದು ಅದರ ಮೇಲೆ. ಎರಡನೆಯ ಯೋಚನೆ ಮಾಡಲಿಲ್ಲ. ಕಲ್ಲು ಹಾಸಿದ ಗಟ್ಟಿ ರಸ್ತೆ ಎಂದು ದಾಖಲಿಸಿದೆ, ಒಳ್ಳೆಯ ವೇಗ ಕೊಟ್ಟೆ, ಗೆರೆಗಳನ್ನು ಕೂಡಿಸಿದೆ. ಊರು ಹಸಿರಾಯಿತು. ಇಪ್ಪತ್ತೆರಡು ನಿಮಿಷ.

ಮರುದಿನ ನೋಡಿದರೆ ಮತ್ತೆ ಕೆಂಪು. ಅದೇ ಜಾಗದಲ್ಲಿ ಗೆರೆ ತುಂಡಾಗಿತ್ತು.

ಕೂಡಿಸಿದೆ. ಎರಡು ದಿನ ಕಳೆದು ಮತ್ತೆ ತುಂಡು. ಮೂರನೆಯ ಸಲ ಸಿಟ್ಟು ಬಂತು. ಈ ಕಡತವನ್ನು ಮುಟ್ಟುವವರು ಇಬ್ಬರೇ, ನಾನು ಮತ್ತು ಸಂಭಾಜಿನಗರದ ಕಚೇರಿಯ ರೂಪಾಲಿ. ಫೋನು ಮಾಡಿ ಅವಳನ್ನು ತರಾಟೆಗೆ ತೆಗೆದುಕೊಂಡೆ. ಯಾರು ಯಾವಾಗ ಏನು ಬದಲಿಸಿದರು ಎಂಬುದು ಕಡತದ ಜೊತೆಗೇ ದಾಖಲಾಗುತ್ತದೆ. ಅವಳು ಅದನ್ನು ತೆರೆದು ನೋಡಿ, "ಅಗಂ, ತುಝಂಚ್ ನಾವ್ ಆಹೇ," ಎಂದು ನಕ್ಕಳು. ನಿನ್ನದೇ ಹೆಸರಿದೆ ಮಾರಾಯ್ತಿ, ಸುಮ್ಮನೆ ನನ್ನನ್ನು ಯಾಕೆ ಬೈಯುತ್ತೀ ಎಂದು.

ನಾನೂ ನೋಡಿದೆ. ಮೂರು ಸಲವೂ ಕತ್ತರಿಸಿದವಳು ನಾನೇ. ಕೊನೆಯ ಸಲದ ಹೊತ್ತು ಮಧ್ಯಾಹ್ನ ಎರಡೂ ಹತ್ತು. ಆ ದಿನ ಆ ಹೊತ್ತಿಗೆ ನಾನು ಸಿನ್ನರ್ ದಾಟಿದ ಬಸ್ಸಿನಲ್ಲಿದ್ದೆ. ಲ್ಯಾಪ್‌ಟಾಪ್ ಚೀಲದೊಳಗೆ, ಚೀಲ ನನ್ನ ತೊಡೆಯ ಮೇಲೆ, ನಾನು ನಿದ್ದೆಯಲ್ಲಿ. ಗಡಿಯಾರ ತಪ್ಪಿರಬೇಕು, ಹಳೆಯ ಪ್ರತಿ ಹೊಸದರ ಮೇಲೆ ಬಂದು ಕೂತಿರಬೇಕು ಎಂದು ನಮ್ಮ ಕಂಪ್ಯೂಟರ್ ನೋಡಿಕೊಳ್ಳುವವರು ಹೇಳಿದರು. ನನಗೂ ಅದು ಸರಿಯೆನಿಸಿತು. ಆದರೆ ಸೋಮವಾರ ನಕ್ಷೆ ಅಂಬುಲೆನ್ಸ್‌ನವರ ಕೈಗೆ ಹೋಗಬೇಕು. ಅವರು ಅದನ್ನೇ ನಂಬಿ ಗಾಡಿ ಓಡಿಸುತ್ತಾರೆ. ಅನುಮಾನ ಇಟ್ಟುಕೊಂಡು ಕೊಡಲು ಮನಸ್ಸಾಗದೆ, ಒಮ್ಮೆ ಕಣ್ಣಾರೆ ನೋಡಿ ಬರುತ್ತೇನೆಂದು ಶುಕ್ರವಾರ ಹೊರಟೆ.

ಸಂಭಾಜಿನಗರದ ಕಚೇರಿಯ ಜೀಪು ಓಡಿಸಿದವರು ಶರಣಪ್ಪ ಕಾಕಾ. ಬೀದರ ಜಿಲ್ಲೆಯ ಔರಾದದವರು. ಮೂವತ್ತು ವರ್ಷದಿಂದ ಸಂಭಾಜಿನಗರದ ಅಂಚಿನ ಚಿಕಲಠಾಣಾದಲ್ಲಿ ಸಂಸಾರ. ಮೊಮ್ಮಕ್ಕಳು ತಮ್ಮ ಜೊತೆ ಮರಾಠಿಯಲ್ಲೇ ಮಾತಾಡುತ್ತಾರೆ ಎಂಬುದು ಅವರ ದೊಡ್ಡ ಕೊರಗು. ಹಾಗಾಗಿ ನಾನು ಸಿಕ್ಕರೆ ಬಾಯಿ ಮುಚ್ಚುತ್ತಿರಲಿಲ್ಲ.

"ಏನ್ರಿ ತಂಗಿ, ಎರಡ್ ಗೆರಿ ಕೂಡಸ್ಲಿಕ್ಕ ಇಷ್ಟ್ ದೂರ ಬರಬೇಕೇನು? ನಾಶಿಕದಾಗೇ ಕುಂತು ಕೂಡಸ್ಬೇಕಿತ್ತಲ್ಲ."

"ಕೂಡಿಸಿದ್ರ ನಿಲ್ಲವಲ್ದು ಕಾಕಾ. ಮೂರು ಸಲ ಆಯ್ತು."

"ಹಂಗಾರ ಅದಕ್ಕ ಮನಸ್ಸಿಲ್ಲ ಬಿಡ್ರಿ. ನಮ್ಮ ಹುಡುಗನ ಲಗ್ನನೂ ಹಂಗೇ ಮೂರು ಸಲ ಮುರೀತು," ಎಂದು ತಾವೇ ನಕ್ಕರು.

ಮೂರು ಗಂಟೆಯ ಸುಮಾರು. ಬಿಸಿಲು ಚುರುಗುಟ್ಟುತ್ತಿತ್ತು. ಮಳೆಗಾಲವಾದರೂ ನಾಲ್ಕು ದಿನದಿಂದ ಆ ಕಡೆ ಮಳೆಯ ಹನಿ ಬಿದ್ದಿರಲಿಲ್ಲ. ಎರಡೂ ಬದಿ ಕಬ್ಬು ಆಳೆತ್ತರ ನಿಂತಿದ್ದರಿಂದ ಮುಂದಿನದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ರಸ್ತೆ ಇಳಿಯತೊಡಗಿತು. ನಾನು ತೊಡೆಯ ಮೇಲಿನ ಪರದೆ ನೋಡುತ್ತಿದ್ದೆ. ನಾವಿರುವ ಜಾಗವನ್ನು ತೋರಿಸುವ ನೀಲಿ ಚುಕ್ಕೆ ಆ ಬಿರುಕಿನ ಕಡೆ ಮೆಲ್ಲಗೆ ಸರಿಯುತ್ತಿತ್ತು. ಚುಕ್ಕೆ ಅಲ್ಲಿಗೆ ಮುಟ್ಟಿತು. ಜೀಪು ಗಕ್ಕನೆ ನಿಂತಿತು. ನನ್ನ ಹಣೆ ಮುಂದಿನ ಗಾಜಿಗೆ ಬಡಿಯಿತು.

"ಯಾಕ್ರಿ ಕಾಕಾ?"

"ಯಾಕಂದ್ರ? ನೀವೇ ನಿಂದರಸ್ರಿ ಅಂದ್ರಲ್ಲ."

"ನಾನೆಲ್ಲಿ ಅಂದೆ?"

"ಮಸ್ಕರಿ ಮಾಡಬ್ಯಾಡ್ರಿ ತಂಗಿ. ನನ್ ಕಣ್ಣು ಜರಾ ಮಂದ ಆಗ್ಯಾವ, ಕಿವಿ ಚಂದ ಅವ. 'ಕಾಕಾ, ನಿಂದರಸ್ರಿ, ಫರ್ಸಿ ಮ್ಯಾಲ ನೀರು ಬಂದಾವ' ಅಂದ್ರಿ. ನೀರು ಎಲ್ಲಿ ಅವ ಅಂತ ನಾ ನೋಡ್ಲಿಕತ್ತೀನಿ."

ನನಗೆ ನಗು ಬಂತು. "ಈ ಹೊಲದಾಗ ಎಲ್ಲಿ ಹಾಸ್ಯಾರ ಕಾಕಾ ಫರ್ಸಿ?"

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸ್ಟಿಯರಿಂಗ್ ಮೇಲಿನ ಕೈಯೆತ್ತಿ ಮುಂದೆ ತೋರಿಸಿದರು. "ಇದೇ ಅಲ್ಲೇನ್ರಿ? ಈ ಕಡಿ ಮಂದಿ ಇಂಥ ಗಿಡ್ಡ ಸೇತುವೆಗೇ ಫರಶೀ ಅಂತಾರ. ಇಷ್ಟೂ ಕಲಸಿಲ್ಲೇನು ನಿಮ್ಮ ಆಫೀಸ್ನಾಗ?"

ಆಗ ತಲೆಯೆತ್ತಿ ನೋಡಿದೆ. ಹಳ್ಳದ ಪಾತ್ರಕ್ಕೆ ಅಂಟಿಕೊಂಡಂತೆ, ಅಲ್ಲಲ್ಲಿ ಹೊಂಡ ಬಿದ್ದ, ಸಿಮೆಂಟಿನ ಒಂದು ಉದ್ದನೆಯ ತಗ್ಗು ದಾರಿ. ಕಟಾಂಜನ ಇಲ್ಲ. ಅಂಚಿಗೆ ಮೊಣಕಾಲೆತ್ತರದ ಸುಣ್ಣ ಬಳಿದ ಕಲ್ಲುಗಳು. ಅಡಿಯ ಕೊಳವೆಗಳಿಂದ ಒಂದಿಷ್ಟು ನೀರು ಜಿನುಗುತ್ತಿತ್ತು. ಆಚೆ ದಡದಲ್ಲಿ ಊರಿನ ನೀರಿನ ಟಾಕಿ ಕಾಣುತ್ತಿತ್ತು. ನಮ್ಮ ಮುಂದಿನ ಎರಡು ಗಾಲಿಗಳು ಸಿಮೆಂಟಿನ ಮೇಲಿದ್ದವು.

ನನ್ನನ್ನು ಹೆದರಿಸಿದ್ದು ಕಾಕಾ ಕೇಳಿಸಿಕೊಂಡ ಮಾತಲ್ಲ. ನಾನು ಬಳಿದ ಹಸಿರು ಬಣ್ಣ. ಮಳೆಗಾಲದಲ್ಲಿ ಮುಳುಗುವ ಜಾಗವನ್ನು ನಾನು ಮನೆಯ ನೆಲದಂಥ ಗಟ್ಟಿ ರಸ್ತೆ ಮಾಡಿಟ್ಟಿದ್ದೆ. ಹೆರಿಗೆಯ ಹೆಣ್ಣುಮಗಳನ್ನು ಮಲಗಿಸಿಕೊಂಡು ಬರುವವರಿಗೆ ಇದೇ ದಾರಿ ಎಂದು ಹೇಳಲು ಹೊರಟಿದ್ದೆ.

"ಫೋಟೋ ತೆಗೀಬೇಕು ಕಾಕಾ," ಎಂದು ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟೆ. ಚಪ್ಪಲಿಯ ಅಡಿ ಒದ್ದೆಯಾಯಿತು. ನೆಲ ಒರೆಸಿದ ಮೇಲೆ ಉಳಿಯುವಷ್ಟು ತೆಳ್ಳಗೆ ನೀರು ಸಿಮೆಂಟಿನ ಮೇಲೆ ಹರಡುತ್ತಿತ್ತು. ಒಂದು ನಿಮಿಷದ ಹಿಂದೆ ಅದು ಒಣಗಿತ್ತು.

"ಇಳೀಬ್ಯಾಡ! ಒಳಗ ಬಾ!" ಕಾಕಾ ಕೂಗಿದರು. ಅಲ್ಲಿಯವರೆಗೆ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದೇ ಇರಲಿಲ್ಲ.

ನಾನು ಕಾಲು ಒಳಗೆಳೆದುಕೊಂಡೆ, ಅವರು ಜೀಪನ್ನು ಹಿಂದಕ್ಕೆ ತೆಗೆಯಲು ನೋಡಿದರು. ಹಿಂದಿನ ಗಾಲಿ ಮಣ್ಣಿನಲ್ಲಿ ಗರಗರ ತಿರುಗಿತು, ಜೀಪು ಅಲುಗಲಿಲ್ಲ. ಹಳ್ಳದ ಮೇಲ್ಗಡೆಯಿಂದ, ಲಾರಿ ಜಲ್ಲಿ ಸುರಿದ ಹಾಗೆ ಒಂದು ಸದ್ದು ಬರುತ್ತಿತ್ತು, ನಿಲ್ಲದೆ ಬರುತ್ತಿತ್ತು. ನೀರು ಕೆಂಪಗಾಯಿತು. ಸುಣ್ಣದ ಕಲ್ಲುಗಳ ಅರ್ಧ ಮುಳುಗಿತು. ನಾನು ಅವರ ಮಾತು ಕೇಳದೆ ಹೊರಗೆ ಹಾರಿ, ಕಾಲಡಿಯ ರಬ್ಬರ್ ಚಾಪೆ ಎಳೆದುಕೊಂಡು ಹಿಂದಿನ ಗಾಲಿಯಡಿ ತುರುಕಿದೆ. ನೀರು ಮೀನಖಂಡಕ್ಕೆ ಬಂದಿತ್ತು. ಅದರ ಎಳೆತ ನೀರಿನದು ಅನ್ನಿಸಲಿಲ್ಲ, ಯಾರೋ ಕಾಲು ಹಿಡಿದಂತಿತ್ತು. ಎರಡನೆಯ ಸಲ ಗಾಲಿ ಹಿಡಿತಕ್ಕೆ ಸಿಕ್ಕು ಜೀಪು ಏರು ಹತ್ತಿತು. ನಾನು ಅದರ ಮುಂದಿನ ಬಂಪರು ಹಿಡಿದು ಮಣ್ಣಿನಲ್ಲಿ ಮೊಣಕಾಲೂರಿ ಮೇಲೆ ಬಂದೆ.

ತಿರುಗಿ ನೋಡಿದಾಗ ಒಂದು ಕಲ್ಲೂ ಕಾಣುತ್ತಿರಲಿಲ್ಲ. ದಡದಿಂದ ದಡಕ್ಕೆ ನೀರು, ಅದರ ಮೇಲೆ ಬೇರು ಸಮೇತ ಒಂದು ಜಾಲಿ ಗಿಡ ತಿರುಗುತ್ತ ಹೋಗುತ್ತಿತ್ತು. ನೆತ್ತಿಯ ಮೇಲೆ ಅದೇ ಬಿಸಿಲು. ಮೇಲಿನ ಗುಡ್ಡಗಳಲ್ಲಿ ಬೆಳಗ್ಗೆಯಿಂದ ಮಳೆ ಹೊಯ್ದಿತ್ತಂತೆ. ನಮಗೆ ತಿಳಿದದ್ದು ಆಮೇಲೆ.

ಪ್ರಯಾಣದ ಹೊತ್ತು ಲೆಕ್ಕ ಹಾಕುವುದೇ ನನ್ನ ಕಸುಬಾದ್ದರಿಂದ ಇದನ್ನೂ ಲೆಕ್ಕ ಹಾಕಿದೆ. ಹಾಕಬಾರದಿತ್ತು. ಆ ಹೊಂಡಗಳಲ್ಲಿ ಕಾಕಾ ಓಡಿಸುತ್ತಿದ್ದ ವೇಗದಲ್ಲಿ, ನಿಲ್ಲದೆ ಹೋಗಿದ್ದರೆ, ಸದ್ದು ಬಂದಾಗ ನಾವು ನಟ್ಟನಡುವೆ ಇರುತ್ತಿದ್ದೆವು.

ಬಹಳ ದೂರ ಬಂದ ಮೇಲೆ ಒಂದು ಚಹಾದ ಅಂಗಡಿಯ ಮುಂದೆ ಕಾಕಾ ಜೀಪು ನಿಲ್ಲಿಸಿದರು.

"ಖರೇ ಹೇಳ್ರಿ ತಂಗಿ. ನೀವು ಅನ್ನಲಿಲ್ಲ?"

"ಇಲ್ಲ ಕಾಕಾ. ಆಣೆ ಮಾಡ್ಲೇನು?"

"ಬ್ಯಾಡ." ಚಹಾದ ಗ್ಲಾಸು ಕೆಳಗಿಟ್ಟು, "ನಿಮ್ಮದೇ ಧ್ವನಿ," ಅಂದರು.

ಅಂದಿನಿಂದ ನಾನು ಒಂದೊಂದಾಗಿ ಕಾರಣಗಳನ್ನು ಎದುರಿಗಿಟ್ಟುಕೊಂಡು ನೋಡಿದ್ದೇನೆ. ದಾರಿ ಹೇಳುವ ಫೋನಿನ ಹೆಣ್ಣು ಧ್ವನಿ ಇರಬಹುದೇ? ಅದು ಹಿಂದಿಯಲ್ಲಿ ಹೇಳುತ್ತಿತ್ತು, ಆ ಇಳಿಜಾರಿನಲ್ಲಿ ಅದಕ್ಕೆ ನೆಟ್‌ವರ್ಕೂ ಇರಲಿಲ್ಲ. ಮೂವತ್ತು ವರ್ಷ ಗಾಡಿ ಓಡಿಸಿದ ಕಾಕಾ ಅವರ ಕಿವಿ, ಬರುತ್ತಿದ್ದ ನೀರಿನ ಸದ್ದನ್ನು ಮನಸ್ಸಿಗಿಂತ ಮೊದಲು ಗುರುತಿಸಿ, ಅದನ್ನು ನನ್ನ ಮಾತಾಗಿ ಕೇಳಿಸಿರಬಹುದೇ? ಇರಬಹುದು. ನಾನೇ ನನಗರಿವಿಲ್ಲದೆ ಅಂದಿರಬಹುದೇ? ಇಲ್ಲಿ ಬಂದು ಸಿಕ್ಕಿಬೀಳುತ್ತೇನೆ. ಆ ಮಾತಿನಲ್ಲಿ ಫರ್ಸಿ ಎಂಬ ಪದವಿತ್ತು, ಅದೂ ಸೇತುವೆ ಎಂಬ ಅರ್ಥದಲ್ಲಿ. ಆ ಅರ್ಥ ನನಗೆ ಗೊತ್ತಾದದ್ದು ಜೀಪು ನಿಂತ ಮೇಲೆ.

ಗೆರೆ ಕತ್ತರಿಸಿದವಳು ನಾನೇ ಎಂದು ದಾಖಲೆ ಹೇಳುತ್ತದೆ. ಜೀಪು ನಿಲ್ಲಿಸಿದವಳು ನಾನೇ ಎಂದು ಕಾಕಾ ಹೇಳುತ್ತಾರೆ. ಎರಡೂ ನನಗೆ ನೆನಪಿಲ್ಲ.

ಶನಿವಾರ ಕಚೇರಿಯಲ್ಲಿ ಕೂತು ಆ ತುಣುಕನ್ನು ತಿದ್ದಿದೆ. ತಗ್ಗು ಸೇತುವೆ, ಮಳೆಗಾಲದಲ್ಲಿ ಬಂದ್ ಎಂದು ಬರೆದೆ. ಮಳೆಗಾಲದ ನಕ್ಷೆಯಲ್ಲಿ ಆ ಊರಿಗೆ ದೊಡ್ಡ ರಸ್ತೆಯಿಂದ ಸುತ್ತಿ ಬರುವ, ಅದುವರೆಗೆ ಕಡತದಲ್ಲಿ ಇಲ್ಲದಿದ್ದ, ಕಾಕಾ ಹೇಳಿದ ದಾರಿ ಎಳೆದೆ. ಐವತ್ತೈದು ನಿಮಿಷ, ಹಳದಿ. ಅಂಬುಲೆನ್ಸ್ ಒಂದನ್ನು ಮಳೆ ಮುಗಿಯುವವರೆಗೆ ಆಚೆ ದಡದಲ್ಲೇ ಇರಿಸಿರಿ ಎಂದು ನಮ್ಮ ಮೇಲಿನವರಿಂದ ಪತ್ರ ಹಾಕಿಸಿದೆ. ಆಮೇಲೆ, ಬೇಸಿಗೆಯ ನಕ್ಷೆಗಾಗಿ, ಆ ಎರಡು ಗೆರೆಗಳನ್ನು ನಾಲ್ಕನೆಯ ಸಲ ಕೂಡಿಸಿದೆ. ಅದು ಇವತ್ತಿನವರೆಗೆ ತುಂಡಾಗಿಲ್ಲ. ಕಡತ ತೆರೆದಾಗಲೆಲ್ಲ ನಾನು ಮೊದಲು ನೋಡುವುದು ಅದನ್ನೇ.

ಈಗಲೂ ಊರುಗಳ ಕಡೆ ಹೋಗುವುದಿದ್ದರೆ ಶರಣಪ್ಪ ಕಾಕಾನೇ ಬರುತ್ತಾರೆ. ಲಗ್ನ ಮುರಿದ ಮಗನಿಗೆ ಕೊನೆಗೂ ಲಗ್ನವಾಗಿದೆ, ಹರಟೆ ಇನ್ನಷ್ಟು ಹೆಚ್ಚಿದೆ. ಆದರೆ ಫರ್ಸಿ ಬಂದ ಕಡೆಯಲ್ಲೆಲ್ಲ, ಕೆಳಗೆ ಹನಿ ನೀರಿಲ್ಲದಿದ್ದರೂ, ಮಾತು ನಿಲ್ಲಿಸಿ ಜೀಪನ್ನೂ ನಿಲ್ಲಿಸುತ್ತಾರೆ.

"ಹೋಗ್ಲೇನ್ರಿ ತಂಗಿ?"

"ಹೋಗ್ರಿ ಕಾಕಾ," ಅನ್ನುತ್ತೇನೆ.

ಅವರು ಕೂಡಲೇ ಹೊರಡುವುದಿಲ್ಲ. ನಾನೂ ಅವಸರ ಮಾಡುವುದಿಲ್ಲ. ಎಂಜಿನ್ ಬಂದ್ ಮಾಡಿ, ಬೇರೆ ಯಾರಾದರೂ ಏನಾದರೂ ಅನ್ನುತ್ತಾರೋ ಎಂದು ಇಬ್ಬರೂ ಒಂದಿಷ್ಟು ಹೊತ್ತು ಕೇಳುತ್ತ ಕೂತಿರುತ್ತೇವೆ.