ಗರಿಯಿಂದ ಹುಳು ಇಳಿಸುವ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಸ್ತಪ್ರತಿ ಭಂಡಾರದ ಕಿಟಕಿಯ ಕೆಳಗೆ ಆಕೆ ಆಗಲೇ ಚಾಪೆ ಹಾಸಿ ಕುಳಿತಿದ್ದಾರೆ. ತಾಳೆಗರಿಯೊಂದನ್ನು ಹಸುಗೂಸಿನ ತಲೆ ಹಿಡಿದಂತೆ ಎರಡೂ ಅಂಗೈಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡುತ್ತಾರೆ. ತೂತಿನೊಳಗೆ ಏನೋ ಮಿಸುಕುತ್ತದೆ. ಮೆತ್ತನೆಯ ಕುಂಚದ ತುದಿ ಅಲ್ಲಿಗೆ ಹೋಗಿ ಕಾಯುತ್ತದೆ.

"ಏಳೋ ಮಹರಾಯ, ಬೆಳಗಾಯ್ತು."

ಅಕ್ಕಿಕಾಳಿಗಿಂತ ಸಣ್ಣ ಬಿಳಿಹುಳು ಕುಂಚ ಹತ್ತುತ್ತದೆ.

ಇಲ್ಲಿರುವುದು ಜೈನ ಮುನಿಗಳು ಸಂಸ್ಕೃತದಲ್ಲಿ ಬರೆದ ವ್ಯಾಕರಣ, ತರ್ಕ, ಕಾವ್ಯಶಾಸ್ತ್ರದ ಕಟ್ಟುಗಳು. ಎಲ್ಲರೂ ಗರಿಯಕ್ಕ ಎಂದು ಕರೆಯುವ ಈಕೆಗೆ ಆ ಲಿಪಿ ಬಾರದು. ಹುಳುಗಳನ್ನು ಕೊಲ್ಲದೆ ಇಳಿಸುವುದು ಇವರ ಕೆಲಸ. ಇಳಿಸಿದ್ದನ್ನು ಹಿತ್ತಲಿಗೆ ಒಯ್ದು, ಮರದ ಬುಡದಲ್ಲಿ ಗುಡ್ಡೆ ಹಾಕಿರುವ ಬರೆಯದ ಗರಿಗಳ ಮೇಲೆ ಬಿಡುತ್ತಾರೆ. ದಿನವಿಡೀ ಕೂತರೂ ಹತ್ತು ಗರಿ ಮುಗಿದರೆ ಹೆಚ್ಚು.

"ಬರೆದವರು ಕೂರೋ ಮುಂಚೆ ನೆಲ ಸವರಿ, ಇರುವೆ ಇದೆಯಾ ಅಂತ ನೋಡ್ತಿದ್ರಂತೆ. ಅಂಥವರ ಪುಸ್ತಕಕ್ಕೆ ವಿಷ ಹಾಕೋದು ಹೇಗಮ್ಮಾ? ಅಷ್ಟು ವ್ಯಾಕರಣ ತಿಂದೂ ಒಂದಕ್ಕೂ ಮಾತು ಬರಲಿಲ್ಲ ಅನ್ನೋದೇ ಬೇಜಾರು. ತರ್ಕದ ಕಟ್ಟಿನವಂತೂ ಮಹಾ ಹಟಮಾರಿಗಳು. ಕರೆದ್ರೆ ಬರಲ್ಲ!" ಎಂದು, ನೋಡಲು ಬಂದ ನನಗೆ ಹೇಳುತ್ತಾರೆ.

ಮದುವೆಯಾದ ಹೊಸದರಲ್ಲಿ ಅತ್ತೆ ಇವರಿಗೆ 'ಆಮೆ' ಎಂದು ಹೆಸರಿಟ್ಟಿದ್ದರು. ಸೊಪ್ಪು ಬಿಡಿಸಲು ಕೂತರೆ ಮಧ್ಯಾಹ್ನ. ಹೊಲಿಗೆ ಕಾರ್ಖಾನೆಯವರೂ ಅದೇ ದೂರಿನ ಮೇಲೆ ಮನೆಗೆ ಕಳಿಸಿದರು. "ಎಲ್ಲ ಕಡೆ ಬೇಗ ಬೇಗ ಅಂದ್ರು. ಇಲ್ಲಿ ಮೊದಲ ದಿನ, ಆಗ ಭಂಡಾರ ನೋಡ್ಕೊಳ್ತಿದ್ದ ಹಳೇ ಮೇಷ್ಟ್ರು 'ನಿಧಾನ ಕಣಮ್ಮ' ಅಂದ್ರು. ಮನೆಗೆ ಹೋಗಿ ಬಚ್ಚಲಲ್ಲಿ ನಿಂತು ಅತ್ತಿದ್ದೀನಿ."

ಈಗ ಕಟ್ಟುಗಳನ್ನು ಒಳಗಿಟ್ಟು ಹುಳು ಕೊಲ್ಲುವ ವಿಷಗಾಳಿಯ ಪೆಟ್ಟಿಗೆ ಬಂದಿದೆ. ಹೊಸ ಮೇಲ್ವಿಚಾರಕರು ಕಾವ್ಯಶಾಸ್ತ್ರದ ಕಟ್ಟೊಂದನ್ನು ಪರೀಕ್ಷೆಗೆಂದು ಕೊಟ್ಟಿದ್ದಾರೆ. ಅದು ಶುದ್ಧವಾಗಿದ್ದರೆ ಮಿಕ್ಕವೂ ಗರಿಯಕ್ಕನ ಕೈಗೆ. ಒಂದು ಹುಳು ಬಿದ್ದರೂ ಎಲ್ಲವೂ ಪೆಟ್ಟಿಗೆಗೆ. "ಅವರದ್ದೂ ತಪ್ಪಲ್ಲ. ಒಂದು ಉಳಿದ್ರೆ ಕಪಾಟೇ ಹೋಗುತ್ತೆ," ಎನ್ನುತ್ತಾರೆ ಈಕೆ. ಪರೀಕ್ಷೆ ಇವತ್ತೇ. ರಾತ್ರಿ ಅನ್ನ ಸೇರಿಲ್ಲ.

ಆಕೆ ಕೊನೆಯ ಗರಿ ಕೆಳಗಿಟ್ಟ ಮೇಲೆ ಮೇಲ್ವಿಚಾರಕರು ಕಪ್ಪು ಕಾಗದ ಹಾಸಿ, ಆ ಕಟ್ಟಿನ ಗರಿಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟುತ್ತಾರೆ. ಏನೂ ಇಲ್ಲ. ಏನೂ ಇಲ್ಲ. ಕಟ್ಟು ಮುಗಿಯುತ್ತ ಬಂದಾಗ ಬಿಳಿಯದೊಂದು ಉದುರಿ, ಕಾಗದದ ಮೇಲೆ ಸುರುಳಿಯಾಗುತ್ತದೆ.

ಗರಿಯಕ್ಕನ ಮುಖ ಸಣ್ಣದಾಗುತ್ತದೆ. ಅಂಗಲಾಚುವುದಿಲ್ಲ. ಕುಂಚ ಚಾಚಿ ಅದನ್ನು ಹತ್ತಿಸಿಕೊಳ್ಳುತ್ತಾರೆ.

"ಪೆಟ್ಟಿಗೆಗೆ ಹಾಕಿ ಸಾರ್. ಇದನ್ನ ಬಿಟ್ಟು ಬರ್ತೀನಿ. ಒಳಗೆ ಇನ್ನೂ ಇದ್ರೆ... ಪಾಪ, ನನ್ನ ಕೈಗೆ ಸಿಗಲಿಲ್ಲ."

ಕುಂಚದ ಕೆಳಗೆ ಅಂಗೈ ಒಡ್ಡಿಕೊಂಡು ಹಿತ್ತಲಿಗೆ ನಡೆಯುತ್ತಾರೆ. ಮೇಲ್ವಿಚಾರಕರು ಆ ಬೆನ್ನನ್ನೇ ನೋಡುತ್ತ ನಿಲ್ಲುತ್ತಾರೆ.

ಆಕೆ ಮರಳಿ ಬಂದಾಗ ಕಾವ್ಯಶಾಸ್ತ್ರದ ಕಟ್ಟು ಪೆಟ್ಟಿಗೆ ಸೇರಿದೆ. ಚಾಪೆಯ ಮೇಲೆ ಮಾತ್ರ, ಪೆಟ್ಟಿಗೆಗೆ ಹೋಗಬೇಕಿದ್ದ ಬೇರೊಂದು ಕಟ್ಟು ದಾರ ಬಿಚ್ಚದೆ ಕೂತಿದೆ. ಗರಿಯಕ್ಕ ಸೆರಗಿಗೆ ಕೈ ಒರೆಸಿಕೊಂಡು ಅದರ ಮುಂದೆ ಕೂರುತ್ತಾರೆ. ಸ್ವಲ್ಪ ಹೊತ್ತು ಮುಟ್ಟುವುದಿಲ್ಲ.

"ನಾನು ಕೇಳಿರಲಿಲ್ಲ, ಸಾರೇ ಇಟ್ಟಿದ್ದಾರೆ," ಎನ್ನುತ್ತಾರೆ.