ಹಾರ್ಡ್‌ಬೋರ್ಡಿನ ಬೆನ್ನು

ಅಡುಗೆಮನೆಯ ಸಿಂಕಿನ ಕೆಳಗಿನ ಹಾರ್ಡ್‌ಬೋರ್ಡಿನ ಬಾಗಿಲು ನೀರು ಕುಡಿದು ಉಬ್ಬಿದೆ. ಅದರ ಮುಗ್ಗಲು ವಾಸನೆ ನಿಮಗೆ ಹಿಡಿಸಲಿಕ್ಕಿಲ್ಲ. ನನಗೆ ಮಾತ್ರ ಕುವೈತಿನ ಸಂಜೀವಣ್ಣ ನೆನಪಾಗುತ್ತಾರೆ.

ಅಲ್ಲಿನ ರಾಯ್ ಎಂಬ ಪೇಟೆಯ ಅಂಗಡಿಯೊಂದರಲ್ಲಿ ಅವರು ಮನೆಯ ಗೋಡೆಗೆ ಹೊದಿಸುವ ಹಾರ್ಡ್‌ಬೋರ್ಡ್ ಮಾರುತ್ತಿದ್ದರು. ಅಬ್ಬಾಸಿಯಾ ಬಡಾವಣೆಯಲ್ಲಿ ನಮ್ಮಿಬ್ಬರಿಗೂ ಒಂದೇ ಕೋಣೆ. ಹಾಗಾಗಿ ಅದರ ಜಾತಿ, ಉಪಜಾತಿಗಳನ್ನು ನನಗೆ ಊಟದ ಜೊತೆಗೇ ಬಡಿಸುತ್ತಿದ್ದರು. ನುಣುಪು ಮುಖದ್ದು, ಮರದ ಗೆರೆ ಮೂಡಿಸಿದ್ದು, ಗಾರೆಯಂತೆ ತರಿತರಿಯಾದದ್ದು. ಹೆಂಚಿನ ಹಾಗೆ ಒಂದರ ಮೇಲೊಂದು ಹೊದಿಸುವ ಪಟ್ಟಿ, ಇಡಿಯಾಗಿ ಹೊಡೆಯುವ ಹಾಳೆ. "ಮುಖ ನೋಡಿ ಮರುಳಾಗ್ಬೇಡಿ ಮಾರಾಯ್ರೆ, ಬೆನ್ನು ನೋಡಿ. ಒತ್ತುವಾಗ ಬಿದ್ದ ತಂತಿಬಲೆಯ ಗುರುತು ಉಂಟಾ, ಹಾರ್ಡ್‌ಬೋರ್ಡೇ" ಎನ್ನುತ್ತಿದ್ದರು. ಹೆಣ್ಣು ನೋಡಲು ಹೋದಲ್ಲೂ ಆ ಮನೆಯ ಗೋಡೆಯನ್ನೇ ತಟ್ಟಿ ನೋಡಿದ್ದರಂತೆ, ಸಂಬಂಧ ಕೂಡಿಬರಲಿಲ್ಲ. ಅವರ ಕೊರೆತ ಶುರುವಾದರೆ ನಾನು ಬಟ್ಟೆ ಒಗೆಯುವ ನೆಪದಲ್ಲಿ ಎದ್ದುಬಿಡುತ್ತಿದ್ದೆ. ನನ್ನಷ್ಟು ಶುಭ್ರವಾದ ಬ್ರಹ್ಮಚಾರಿ ಆಗ ಅಬ್ಬಾಸಿಯಾದಲ್ಲಿ ಇನ್ನೊಬ್ಬನಿರಲಿಲ್ಲ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು, ಅಂಗಡಿ ಮುಚ್ಚಿತು. ನಮ್ಮಲ್ಲಿ ಉಳಿದದ್ದು ಒಂದು ಚೀಲ ಅಕ್ಕಿ. ಊರಿಗೆ ಹೊರಡುವ ದಾರಿ ಸಿಗುವವರೆಗೆ ಅದೇ ಗತಿ. ಸೈನಿಕರು ಮನೆಮನೆ ಹೊಕ್ಕು ಅಕ್ಕಿ, ಹಿಟ್ಟು ಒಯ್ಯುತ್ತಿದ್ದಾರೆಂದು ಕೇಳಿ, ಚೀಲವನ್ನು ಮೂಲೆಯಲ್ಲಿಟ್ಟು ಅದರ ಮುಂದೆ ಅಂಗಡಿಯಿಂದ ತಂದಿದ್ದ ಮರದ ಗೆರೆಯ ಹಾಳೆಯೊಂದನ್ನು ಮೊಳೆ ಹೊಡೆದು ನಿಲ್ಲಿಸಿದೆವು.

ಒಂದು ಸಂಜೆ ಒಬ್ಬ ಸೈನಿಕ ಬಂದೇಬಿಟ್ಟ. ಹಾಳೆಯ ಮೇಲೆ ಕೈಯಾಡಿಸಿ, "ಒಳ್ಳೆ ಮರ" ಎಂದ. ಹೌದೆಂದಿದ್ದರೆ ಮುಗಿಯುತ್ತಿತ್ತು. ಸಂಜೀವಣ್ಣನಿಗೆ ತಡೆಯಲಾಗಲಿಲ್ಲ. ತಮ್ಮ ಅಂಗಡಿಯ ಅರಬಿಯಲ್ಲಿ, "ಮರ ಅಲ್ಲ, ಮರದ ನಾರು ಒತ್ತಿ ಮಾಡಿದ್ದು. ನೀವು ಬೆನ್ನು ನೋಡ್ಬೇಕು" ಎಂದವರೇ ಹಾಳೆಯನ್ನು ಕಿತ್ತು, ತಿರುಗಿಸಿ ಹಿಡಿದರು. ಹಿಂದೆ ಅಕ್ಕಿಚೀಲ.

ಸೈನಿಕ ಚೀಲ ನೋಡಿದ, ಹಾಳೆ ನೋಡಿದ. ಸಂಜೀವಣ್ಣನ ಉಪನ್ಯಾಸ ಮಾತ್ರ ನಿಲ್ಲಲಿಲ್ಲ. ಕೊನೆಗೆ ಅವನು, "ಮಳೆಗೆ ತಡೀತದಾ?" ಎಂದು ಕೇಳಿದ. ಊರಲ್ಲಿ ಮನೆಯ ಮುಂದಿನ ಗೋಡೆ ಹಾಳಾಗಿದೆ, ಹೆಂಡತಿ ಬೈಯುತ್ತಾಳೆ ಎಂದ. ಹೆಗಲಲ್ಲಿ ಬಂದೂಕು, ಇದ್ದದ್ದು ಎರಡೇ ಕೈ. ಅವನು ಅಕ್ಕಿಯನ್ನು ಅಲ್ಲೇ ಬಿಟ್ಟು, ಹಾಳೆಯನ್ನು ಎತ್ತಿಕೊಂಡು ಮೆಟ್ಟಿಲಿಳಿದ.

"ಅಂಚಿಗೆ ಪೇಂಟ್ ಹೊಡೀಬೇಕು, ಮರೀಬೇಡಿ" ಎಂದು ಸಂಜೀವಣ್ಣ ಹಿಂದಿನಿಂದ ಕೂಗಿ ಹೇಳಿದರು.

"ನಿಮಗೆ ಬುದ್ಧಿ ಉಂಟಾ?" ಎಂದೆ.

"ಗಿರಾಕಿಗೆ ಸುಳ್ಳು ಹೇಳ್ಲಿಕ್ಕಾಗ್ತದಾ?" ಎಂದರು. ಆಮೇಲೆ ತೊಳೆದ ಅಕ್ಕಿಯನ್ನೇ ಮತ್ತೆ ಮತ್ತೆ ತೊಳೆದರು. ಆ ಮನುಷ್ಯನ ಮೇಲೆ ನನಗೆ ಅಂದು ಹುಟ್ಟಿದ ಪ್ರೀತಿ ಇನ್ನೂ ಆರಿಲ್ಲ.

ಬಾಗಿಲು ನೋಡಲು ಬಂದ ಬಡಗಿ ಈಗ ಪ್ಲೈವುಡ್ಡಿನ ಗುಣದೋಷ ವಿವರಿಸುತ್ತಿದ್ದಾನೆ. ಸದ್ಯಕ್ಕೆ ಮುಗಿಯುವಂತಿಲ್ಲ. ಅವನಿಗೂ ಒಂದು ತಟ್ಟೆ ಅನ್ನ ಹಾಕಲು ಮನೆಯವಳಿಗೆ ಹೇಳಿ, ಕೇಳುತ್ತಾ ಕೂತಿದ್ದೇನೆ.