ಅವಿರೋಧ ಎಂಬ ಮರ್ಯಾದೆ

ಮೊನ್ನೆ ಸಂಜೆ ಶಿವಾನಂದ ಅವರ ಫೋನ್ ಬಂತು.

"ಮೇಡಂ, ಒಂದ್ ಛಲೋ ಸುದ್ದಿ ಅದ. ಈ ಸಲ ನಮ್ಮ ಲವೀನಾ ಅಕ್ಕಾರನ್ನ ಸ್ಕೂಲ್ ಕೌನ್ಸಿಲ್‌ಗೆ ಅವಿರೋಧ ಮಾಡಿಬಿಡೂಣು."

ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸೀದು ಹೋಯಿತು.

ಒಳ್ಳೆಯ ಸುದ್ದಿ ಕೇಳಿದರೆ ಯಾರಿಗಾದರೂ ಹೆದರಿಕೆ ಆಗುತ್ತದೆಯೇ? ನನಗೆ ಆಯಿತು. ಯಾಕೆಂದು ಹೇಳಬೇಕಾದರೆ ಹೋದ ವರ್ಷದ ಒಂದು ಸಂಜೆಗೆ ಹೋಗಬೇಕು. ನಿಧಾನವಾಗಿ ಹೇಳುತ್ತೇನೆ. ಕಂಡದ್ದನ್ನು ಕಂಡದ್ದೆಂದೂ ಊಹೆಯನ್ನು ಊಹೆಯೆಂದೂ ಬೇರೆಬೇರೆ ಇಟ್ಟು ಹೇಳುತ್ತೇನೆ. ಒಬ್ಬ ಮನುಷ್ಯನ ಮೇಲೆ ಸಂಶಯ ಪಡುವಾಗ ಅಷ್ಟು ಎಚ್ಚರವಾದರೂ ಬೇಕಲ್ಲ?

ಮೆಲ್ಬರ್ನಿನಲ್ಲಿ ನಮ್ಮ ಮಕ್ಕಳು ಹೋಗುವಂಥ ಸರ್ಕಾರಿ ಶಾಲೆಗೊಂದು ಸ್ಕೂಲ್ ಕೌನ್ಸಿಲ್ ಇರುತ್ತದೆ. ಪ್ರಿನ್ಸಿಪಾಲ್, ಕೆಲವು ಟೀಚರ್‌ಗಳು, ಕೆಲವು ಪೋಷಕರು. ಪೋಷಕರ ಪ್ರತಿನಿಧಿಗಳನ್ನು ಪೋಷಕರೇ ಓಟು ಹಾಕಿ ಆರಿಸಬೇಕು. ಸಂಬಳವಿಲ್ಲ, ಹಾರವಿಲ್ಲ. ಆಗಾಗ ಒಂದು ಮೀಟಿಂಗ್, ಒಂದು ತಟ್ಟೆ ಬಿಸ್ಕೆಟ್. (ಸಿಡ್ನಿಯ ಗಿರಾವೀನ್‌ನಲ್ಲಿರುವ ನನ್ನ ಗೆಳತಿಗೆ ಇದನ್ನು ಹೇಳಿದಾಗ ನಕ್ಕಳು. "ಬಿಸ್ಕೆಟ್‌ಗೂ ಪಾಲಿಟಿಕ್ಸ್ ಮಾಡ್ತೀರಾ? ನಮ್ಮ ಸ್ಕೂಲಲ್ಲಿ ಪೇರೆಂಟ್ಸ್ ಕಮಿಟಿಗೆ ಬನ್ನಿ ಬನ್ನಿ ಅಂತ ಬೇಡ್ಕೊಂಡ್ರೂ ಯಾರೂ ಬರಲ್ಲ ಕಣೇ.")

ಮೆಲ್ಬರ್ನಿನ ಹೊರವಲಯದ ನಮ್ಮ ಕ್ಲೈಡ್ ನಾರ್ತ್‌ನಲ್ಲಿ ಬರುತ್ತಾರೆ. ಹೋದ ವರ್ಷ ಪೋಷಕರ ಸ್ಥಾನಗಳಲ್ಲಿ ಖಾಲಿಯಾದದ್ದು ಒಂದು. ನಿಂತವರು ಇಬ್ಬರು. ಇಬ್ಬರೂ ಕನ್ನಡದವರು, ಇಬ್ಬರೂ ನನಗೆ ಬೇಕಾದವರು.

ಶಿವಾನಂದ ಹುಬ್ಬಳ್ಳಿಯವರು, ಮಾರ್ಟ್‌ಗೇಜ್ ಬ್ರೋಕರ್. ನಮ್ಮ ಬೀದಿಯ ಅರ್ಧ ಮನೆಗಳ ಸಾಲ ಅವರ ಮೂಲಕವೇ ಆದದ್ದು, ನಮ್ಮದೂ. ಕಾರಿನ ಬ್ಯಾಟರಿ ಸತ್ತರೆ ಕೇಬಲ್ ಹಿಡಿದು ಓಡಿ ಬರುವ ಮನುಷ್ಯ. ಇದನ್ನೂ ಬರೆಯದಿದ್ದರೆ ನ್ಯಾಯವಲ್ಲ.

ಲವೀನಾ ಮಂಗಳೂರಿನವಳು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸ್, ಬೆಳಗಿನ ಪಾಳಿ. ಗಂಡ ಗೋದಾಮಿನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವಷ್ಟರಲ್ಲಿ ಇವಳು ಹೊರಟಿರಬೇಕು. ನಡುವಿನ ಹೊತ್ತಿಗೆ ಮಗಳು ರಿಯಾನಾಳನ್ನು ಶಾಲೆಯ ಬಿಫೋರ್ ಕೇರ್ ನೋಡಿಕೊಳ್ಳುತ್ತಿತ್ತು. ಅಂದರೆ, ಗಂಟೆ ಹೊಡೆಯುವುದಕ್ಕೆ ಬಹಳ ಮುಂಚೆಯೇ ಮಕ್ಕಳನ್ನು ಬಿಟ್ಟು ಹೋಗಬಹುದಾದ ಒಂದು ಕೋಣೆ, ಒಬ್ಬ ಆಯಾ, ಒಂದಿಷ್ಟು ಟೋಸ್ಟು. ಅದನ್ನು ಮುಚ್ಚುವ ಮಾತು ಶಾಲೆಯಲ್ಲಿ ಆಗಲೇ ಕೇಳಿಬರುತ್ತಿತ್ತು. ಲವೀನಾ ಚುನಾವಣೆಗೆ ನಿಂತದ್ದು ಅದೊಂದಕ್ಕೇ.

ನಾಮಿನೇಷನ್ ಆದ ಮೇಲೆ ಶಿವಾನಂದ ನನ್ನನ್ನು ಕೇಳಿದರು. "ನಿಮ್ಮ ಮನಿಯೊಳಗ ಕೂತು ಒಂದ್ ಕಪ್ ಚಾ ಕುಡಿಯೂಣೇನ್ರಿ? ಅಕ್ಕಾರನ್ನೂ ಕರೀರಿ."

ಕರೆದೆ. ಚಹಾ ಮಾಡಿದೆ. ಆ ಸಂಜೆಯ ಮಾತುಗಳು ನನಗೆ ಚೆನ್ನಾಗಿ ನೆನಪಿವೆ.

"ನೋಡ್ರಿ ಅಕ್ಕಾರ, ನೀವೂ ನಮ್ಮವ್ರು, ನಾವೂ ನಿಮ್ಮವ್ರು. ನಮ್ಮ ನಮ್ಮೊಳಗ ಇಲೆಕ್ಷನ್ ಯಾಕ್ ಬೇಕ್ರಿ? ಬ್ಯಾರೆ ಮಂದಿ ನಗತಾರ. ನಮ್ಮೂರ ಸೊಸೈಟಿಯೊಳಗ ಹಿರೇರು ಕೂತು ಅವಿರೋಧ ಮಾಡತಾರ. ಅದೊಂದು ಮರ್ಯಾದಿ. ಹಳೇ ಸಬರ್ಬಿನ ಶಾಲಿ ಕೌನ್ಸಿಲ್‌ನಾಗ ನಾ ಒಂದ್ ಟರ್ಮ್ ಇದ್ದೆ, ನನಗ ಎಲ್ಲಾ ಗೊತ್ತದ."

"ಅದೆಲ್ಲ ಸರಿ ಮಾರಾಯ್ರೆ," ಎಂದಳು ಲವೀನಾ. "ಬಿಫೋರ್ ಕೇರ್‌ದು ಎಂತ ಆಗ್ತದೆ? ನಾನು ನಿಂತದ್ದೇ ಅದಕ್ಕಲ್ವಾ?"

"ನಿಮ್ಮ ವಿಷಯ ಇನ್ನ ನಂದೂ ವಿಷಯ. ಮೊದಲನೇ ಮೀಟಿಂಗ್‌ನಾಗ ಎತ್ತತೀನಿ, ನೋಡ್ಕೋತ ಇರ್ರಿ."

ಲವೀನಾ ನನ್ನ ಕಡೆ ತಿರುಗಿದಳು. "ನೀವೆಂತ ಹೇಳ್ತೀರಿ ಅಕ್ಕ?"

ನಾನು ಚಕ್ಕುಲಿ ತಟ್ಟೆಯನ್ನು ಅವಳ ಮುಂದೆ ಸರಿಸಿದೆ.

ಅವಳು ಹೆಸರು ಹಿಂತೆಗೆದುಕೊಂಡಳು. ನಮ್ಮ ವಾಟ್ಸ್ಆಪ್ ಗುಂಪಿನಲ್ಲಿ ಕೈ ಮುಗಿಯುವ ಚಿತ್ರಗಳ ಮಳೆ. "ದೊಡ್ಡ ಮನಸ್ಸು", "ಒಗ್ಗಟ್ಟು ಅಂದ್ರೆ ಇದು", "ಪ್ರೌಡ್ ಆಫ್ ಯೂ ಲವೀನಾ". ಗೆದ್ದವರಿಗೆ ಬಂದದ್ದಕ್ಕಿಂತ ಬಿಟ್ಟುಕೊಟ್ಟವಳಿಗೇ ಹೆಚ್ಚು ಹೊಗಳಿಕೆ ಬಂತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಶಾಲೆಯ ಎರಡು ಟರ್ಮ್, ಅಂದರೆ ಅರ್ಧ ವರ್ಷ, ಕಳೆಯುವಷ್ಟರಲ್ಲಿ ಬಿಫೋರ್ ಕೇರ್ ಮುಚ್ಚಿತು.

ಶಿವಾನಂದ ಅವರನ್ನು ಕೇಳಿದೆ. "ಎತ್ತಿದ್ನಿ ಮೇಡಂ. ಡಿಮ್ಯಾಂಡ್ ಇಲ್ಲಂದ್ರು. ಉಳಿದದ್ದೆಲ್ಲಾ ಕಾನ್ಫಿಡೆನ್ಶಿಯಲ್ ರೀ." ನಗುತ್ತಲೇ ಹೇಳಿದರು.

ಶಾಲೆಯ ಆಫೀಸಿಗೆ ಹೋದೆ. ಅಲ್ಲಿನ ಹೆಂಗಸು ಒಳ್ಳೆಯವರು, ಸಮಾಧಾನವಾಗಿ ವಿವರಿಸಿದರು. ಇದು ಬೇಕೆಂದು ಒಬ್ಬ ತಾಯಿ ಮಾತ್ರ ಬಂದು ಕೇಳಿದ್ದರು, ಒಂದು ಮನೆಗಾಗಿ ನಡೆಸುವುದು ಹೇಗೆ, ಎಂದರು. ಬೇರೆ ಮನೆಗಳವರನ್ನು ಕೇಳಬಹುದಿತ್ತಲ್ಲ, ಎಂದೆ. ಆಗ ಅವರು ಇನ್ನೊಂದು ಮಾತು ಹೇಳಿದರು. ಓಟು ನಡೆದರೆ ಮಾತ್ರ ಅಭ್ಯರ್ಥಿಗಳು ಬರೆದುಕೊಟ್ಟ ನಾಲ್ಕು ಮಾತು ಓಟಿನ ಚೀಟಿಯ ಜೊತೆ ಎಲ್ಲ ಪೋಷಕರಿಗೂ ಹೋಗುತ್ತದಂತೆ. ಓಟಿಲ್ಲವೆಂದರೆ ಅದೂ ಇಲ್ಲ.

ಲವೀನಾ ತಾನು ಯಾಕೆ ನಿಂತಿದ್ದೇನೆ ಎಂದು ಬರೆದುಕೊಟ್ಟಿದ್ದಳು. ಬೆಳಗಿನ ಪಾಳಿಯ ಬೇರೆ ತಾಯಂದಿರೂ ತನ್ನ ಜೊತೆ ದನಿ ಎತ್ತಬೇಕೆಂದು ಕೇಳಿಕೊಂಡಿದ್ದಳು. ಅದು ಒಬ್ಬರನ್ನೂ ತಲುಪಲಿಲ್ಲ. ಹಾಗಾಗಿ ಅವಳು "ಒಬ್ಬ ತಾಯಿ" ಆಗಿಯೇ ಉಳಿದಳು.

ಈ ದೇಶದವರು ಯಾರೂ ಮಾಡದ ತಪ್ಪು ಇದು. ಅವರಿಗೆ ಇಬ್ಬರು ನಿಂತರೆ ಚುನಾವಣೆ, ಮುಗಿದ ಮೇಲೆ ಕೈ ಕುಲುಕಿ ಬಾರ್ಬೆಕ್ಯೂ. ನಮಗೆ ಇಬ್ಬರು ನಿಂತರೆ ಜಗಳ. ಜಗಳ ಕಂಡರೆ ಚಹಾ ಕುಡಿಸಿ ಬಿಡಿಸಬೇಕು ಅನಿಸುತ್ತದೆ. ಬಿಡಿಸಿದಾಗ ಯಾವ ಮಾತು ನಿಂತುಹೋಯಿತು ಎಂದು ಯಾರು ನೋಡುತ್ತಾರೆ?

ಲವೀನಾ ಸಂಜೆ ಪಾಳಿಗೆ ಬದಲಾಯಿಸಿಕೊಂಡಳು. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಇವಳು ಹೊರಟಿರುತ್ತಾಳೆ. ಊಟದ ಬ್ರೇಕಿನಲ್ಲಿ ವೀಡಿಯೊ ಕಾಲ್ ಮಾಡಿ ಪ್ರಾರ್ಥನೆ ಹೇಳಿಸಿ ಮಲಗಿಸುತ್ತಾಳೆ. ಒಮ್ಮೆ ನಾನು ಅವರ ಮನೆಯಲ್ಲಿದ್ದಾಗ ಆ ಕಾಲ್ ಬಂತು. ತಾಯಿ ಕೊಂಕಣಿಯಲ್ಲಿ ಏನೋ ಕೇಳಿದಳು. "ಮಮ್ಮಾ, ಯು ಆರ್ ಫ್ರೀಜಿಂಗ್ ಅಗೇನ್," ಎಂದಿತು ಮಗು. ಪರದೆಯ ಮೇಲೆ ಲವೀನಾಳ ಬಾಯಿ ಅರ್ಧ ತೆರೆದು ನಿಂತುಬಿಟ್ಟಿತ್ತು.

ಇನ್ನು ಮುಂದಿನದು ಊಹೆ.

ಹಿಂದೊಂದು ಕೌನ್ಸಿಲ್‌ನಲ್ಲಿದ್ದ ಶಿವಾನಂದರಿಗೆ ಓಟಿನ ಈ ನಿಯಮ ಗೊತ್ತಿತ್ತೇ? ಗೊತ್ತಿದ್ದಿರಬಹುದು. ಗೊತ್ತಿಲ್ಲದೆಯೂ ಇದ್ದಿರಬಹುದು. ಬಿಫೋರ್ ಕೇರ್ ವಿಷಯವನ್ನು ನಿಜಕ್ಕೂ ಎತ್ತಿದರೇ? ನಾನು ಆ ಮೀಟಿಂಗ್‌ನಲ್ಲಿ ಇರಲಿಲ್ಲ.

ಇದು ಮಾತ್ರ ಕಂಡದ್ದು: ಕಳೆದ ತಿಂಗಳು ನಮ್ಮ ಲೆಟರ್‌ಬಾಕ್ಸಿಗೆ ಒಂದು ಹೊಳೆಯುವ ಕರಪತ್ರ ಬಂತು. ಶಿವಾನಂದ ಇನ್ನು ಸಿಟಿ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ನಗರಸಭೆಗೆ, ನಿಲ್ಲುತ್ತಾರಂತೆ. ಸೂಟು ಹಾಕಿದ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ, ಶಾಲಾ ಕೌನ್ಸಿಲ್‌ಗೆ ಅವಿರೋಧವಾಗಿ ಆಯ್ಕೆಯಾದ ಸಮುದಾಯದ ನಾಯಕ ಎಂಬ ಮಾತು, ಇಂಗ್ಲಿಷಿನಲ್ಲಿ.

ಅಂದಿನಿಂದ ನನಗೆ ಏನೋ ಆಗಿದೆ. ಪಾರ್ಕಿನಲ್ಲಿ ಯಾರಾದರೂ ನಕ್ಕರೆ ಯಾಕೆ ನಕ್ಕರು ಅನಿಸುತ್ತದೆ. ದೀಪಾವಳಿಗೆ ಅವರ ಮನೆಯಿಂದ ಬಂದ ಧಾರವಾಡ ಪೇಡೆಯನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ಕೂತಿದ್ದೆ. (ತಿಂದೆ. ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು.) "ನಮ್ಮವರು" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಈಗ ಯಾರು ಸುಮ್ಮನಾಗಬೇಕು ಎಂದು ಹುಡುಕುತ್ತೇನೆ.

ಹೀಗಿರುವಾಗ ಬಂದದ್ದು ಮೊನ್ನೆಯ ಫೋನ್. ಈ ವರ್ಷ ಕೌನ್ಸಿಲ್‌ನಲ್ಲಿ ಪೋಷಕರದ್ದು ಇನ್ನೊಂದು ಸ್ಥಾನ ಖಾಲಿಯಾಗಿದೆ. ಲವೀನಾ ಮತ್ತೆ ನಿಂತಿದ್ದಾಳೆ. ಎದುರಿಗೆ ಒಬ್ಬ ಪಂಜಾಬಿ ತಂದೆ.

"ಆ ಪಾಜೀ ಜೋಡಿ ಹಿಂದಿಯೊಳಗ ನಾ ಮಾತಾಡೀನಿ," ಎಂದರು ಶಿವಾನಂದ. "ಅವ್ರು ಹಿಂದ ಸರೀತಾರ. ಅಕ್ಕಾರು ಆರಾಮ್ ಗೆಲ್ಲತಾರ. ಹೋದ ವರ್ಷದ ಋಣ ತೀರಸ್ಬೇಕಲ್ರಿ ನಾನೂ?"

"ಓಟು ಆಗ್ಲಿ ಬಿಡಿ, ಅವಳು ಓಟಲ್ಲೇ ಗೆಲ್ತಾಳೆ," ಎಂದೆ.

"ಛೇ, ಯಾಕ್ರಿ ಸುಮ್ನ ಗದ್ಲ? ನೀವ ಅಕ್ಕಾರಿಗೆ ಒಂದ್ ಮಾತ್ ಹೇಳ್ರಿ. ನಿಮ್ಮ ಮಾತ್ ಕೇಳತಾರ."

ಋಣ ತೀರಿಸುವ ಆಸೆ ನಿಜವೇ ಇರಬಹುದು. ಆದರೆ ಓಟು ನಡೆದರೆ ಲವೀನಾ ಬರೆದದ್ದು ಈ ಸಲ ಎಲ್ಲ ಮನೆಗಳಿಗೆ ಹೋಗುತ್ತದೆ. ಬಿಫೋರ್ ಕೇರ್ ಯಾವಾಗ ಮುಚ್ಚಿತು, ಆಗ ಕೌನ್ಸಿಲ್‌ನಲ್ಲಿ ಯಾರಿದ್ದರು ಎಂದು ಓದಿದವರು ಕೇಳುತ್ತಾರೆ. ಅದೂ ಕರಪತ್ರ ಹಂಚುತ್ತಿರುವ ಹೊತ್ತಿನಲ್ಲಿ.

ಮರುದಿನ ಬೆಳಗ್ಗೆ ಲವೀನಾಳ ಮನೆಗೆ ಹೋದೆ. ಅವಳು ಮಗಳ ಜಡೆ ಹೆಣೆಯುತ್ತಿದ್ದಳು. ದಿನದಲ್ಲಿ ಅವಳಿಗೆ ಮಗಳು ಕೈಗೆ ಸಿಗುವುದು ಆ ಹೊತ್ತಿಗೇ. ಫೋನಿನ ಮಾತನ್ನು ಒಂದೂ ಬಿಡದೆ ಹೇಳಿದೆ. ಶಾಲೆಯ ಆಫೀಸಿನಲ್ಲಿ ತಿಳಿದ ಓಟಿನ ನಿಯಮವನ್ನು ಅವಳಿಗೆ ಹಿಂದೆಯೇ ಹೇಳಿದ್ದೆ; ನನ್ನ ಊಹೆಯನ್ನು ಮಾತ್ರ ಹೇಳಲಿಲ್ಲ. ಅವಿರೋಧವಾದರೆ ಸ್ಥಾನ ಖಂಡಿತ, ಓಟಾದರೆ ಸೋಲಲೂಬಹುದು ಎಂಬುದನ್ನೂ ಹೇಳಿದೆ. ಈ ಸಲ ಸೋತರೆ ಸಂಜೆ ಪಾಳಿ ಇನ್ನೂ ಮುಂದುವರಿಯುತ್ತದೆ. ಅದನ್ನು ನಾನು ಹೇಳಬೇಕಾಗಿರಲಿಲ್ಲ.

ಅವಳು ಜಡೆಗೆ ರಬ್ಬರ್ ಬ್ಯಾಂಡ್ ಹಾಕಿ ಮುಗಿಸಿದಳು. ಮಗಳ ಬೆನ್ನು ತಟ್ಟಿ ಶೂ ಹಾಕಿಕೋ ಎಂದು ಕಳಿಸಿದಳು. ಆಮೇಲೆ ನನ್ನನ್ನು ನೋಡಿದಳು.

"ಓಟೇ ಆಗ್ಲಿ ಅಕ್ಕ. ಮತ್ತೆ ಅವರತ್ರ ಒಂದು ಕೇಳಿ, ನಾನು ಗೆಲ್ಬೇಕು ಅಂತ ಉಂಟಾ ಅವರಿಗೆ, ಅಲ್ಲ ನಾನು ಬಾಯಿ ಬಿಡಬಾರ್ದು ಅಂತ ಉಂಟಾ?"